ಅಪ್ಪ ಯಾವ ಲೆವೆಲ್ಲು?

ನಮ್ಮ ಮನೆಯ ನಡುಮನೆಯಲ್ಲಿ ನೆಂಟರು ಕೂರಲು ಜಾಗವಿರಲಿಲ್ಲ. ಅಲ್ಲಿ ಸುಟ್ಟ ಮೋಟರುಗಳಿದ್ದವು. ಬಿಡದಿಯಿಂದ ಮೂರು ಮೈಲಿ ಒಳಗಿದ್ದ ನಮ್ಮೂರಿಗೆ ಸುತ್ತಲಿನ ಹಳ್ಳಿಗಳಿಂದ, ಕೆಲವೊಮ್ಮೆ ಮಾಗಡಿ ಕಡೆಯಿಂದಲೂ, ಬಾವಿ ಮೋಟರು ಬೋರ್‌ವೆಲ್ ಮೋಟರುಗಳನ್ನು ಗಾಡಿಯಲ್ಲಿ ಹೇರಿಕೊಂಡು, ಮೊಪೆಡ್ಡಿಗೆ ಕಟ್ಟಿಕೊಂಡು ಜನ ಬರುತ್ತಿದ್ದರು. ಅಪ್ಪ ಅವುಗಳ ಮುಚ್ಚಳ ಬಿಚ್ಚಿ, ಒಳಗೆ ಕರಿಕಾಗಿ ಕೂತಿದ್ದ ತಂತಿಯನ್ನು ಕಿತ್ತು, ಹೊಸ ತಾಮ್ರದ ತಂತಿ ಸುತ್ತಿ ಕೂರಿಸಿ, ವಾರ್ನಿಷ್ ಹೊಯ್ದು ಒಣಗಿಸಿ ಕಳಿಸುತ್ತಿದ್ದ. ಆ ವಾರ್ನಿಷ್ಷಿನ ವಾಸನೆ ನಮ್ಮ ಬಟ್ಟೆಗೆ, ಹಾಸಿಗೆಗೆ, ಅವ್ವ ಮಾಡುವ ಹುರುಳಿಕಾಳಿನ ಸಾರಿಗೂ ಹತ್ತಿಕೊಂಡಿರುತ್ತಿತ್ತು. ಶಾಲೆಯಲ್ಲಿ ನನ್ನ ಪಕ್ಕ ಕೂರುವವಳು ಮೂಗು ಮುಚ್ಚಿಕೊಳ್ಳುವ ತನಕ ಎಲ್ಲರ ಮನೆಯೂ ಹೀಗೇ ನಾರುತ್ತದೆ ಎಂದೇ ನಾನು ತಿಳಿದಿದ್ದೆ. ಅಜ್ಜಿ, ಅಂದರೆ ಅಪ್ಪನ ತಾಯಿ, ಕೆಟ್ಟುಹೋದ ಒಂದು ದೊಡ್ಡ ಮೋಟರಿನ ಮೈಯನ್ನೇ ಮಣೆ ಮಾಡಿಕೊಂಡು ಅದರ ಮೇಲೆ ಕೂತು ಎಲೆಅಡಿಕೆ ಹಾಕುತ್ತಿದ್ದಳು. ಅಪ್ಪ ಓದಿದ್ದು ಏಳನೇ ಕ್ಲಾಸು. ಆಮೇಲೆ ಕನಕಪುರದಲ್ಲಿ ಒಬ್ಬ ಸಾಹೇಬರ ವೈಂಡಿಂಗ್ ಅಂಗಡಿಯಲ್ಲಿ ಎಂಟು ವರ್ಷ ಇದ್ದು ಕೆಲಸ ಕಲಿತು ಬಂದವನು. ತಂತಿಯನ್ನು ಹೆಬ್ಬೆರಳು ತೋರುಬೆರಳಿನ ನಡುವೆ ಒಮ್ಮೆ ಹೊಸೆದು ಅದರ ಗೇಜು, ಅಂದರೆ ದಪ್ಪ, ಎಷ್ಟೆಂದು ಹೇಳಿಬಿಡುತ್ತಿದ್ದ. ಅವನು ಹೇಳಿದ್ದು ತಪ್ಪಾಗಿದ್ದನ್ನು ನಾನು ಕಂಡಿಲ್ಲ.

ನಾನು ಹೈಸ್ಕೂಲು ಮೆಟ್ಟಿಲು ಹತ್ತುವ ಹೊತ್ತಿಗೆ ನಡುಮನೆ ಖಾಲಿಯಾಗತೊಡಗಿತು. ಕಾರಿನ ಫ್ಯಾಕ್ಟರಿ ಬಂದಿತ್ತು, ಅದಕ್ಕೆ ಬಿಡಿಭಾಗ ಮಾಡಿಕೊಡುವ ಸಣ್ಣ ದೊಡ್ಡ ಕಾರ್ಖಾನೆಗಳು ಅದರ ಸುತ್ತ ಎದ್ದವು. ನಮ್ಮ ಕಡೆಯ ತೋಟ, ಹಿಪ್ಪುನೇರಳೆ ಹೊಲಗಳೆಲ್ಲ ಒಂದೊಂದಾಗಿ ಕಾಂಪೌಂಡಿನೊಳಗೆ ಹೋದವು. ಹೊಲ ಇಲ್ಲದ ಮೇಲೆ ಪಂಪ್‌ಸೆಟ್ ಯಾರಿಗೆ ಬೇಕು? ಅಜ್ಜಿಗೆ ಕಾಲು ಚಾಚಿ ಮಲಗುವಷ್ಟು ಜಾಗವಾಯಿತು, ಅದು ಅವಳಿಗೆ ಖುಷಿ ಕೊಡಲಿಲ್ಲ. ಆಗ ಅಪ್ಪ ಹಿತ್ತಲಿನ ದನದ ಕೊಟ್ಟಿಗೆಗೆ ಸಿಮೆಂಟು ನೆಲ ಹಾಕಿಸಿ, ನಡುವೆ ಗೋಡೆ ಎಬ್ಬಿಸಿ ಎರಡು ರೂಮು ಮಾಡಿ ಬಾಡಿಗೆಗೆ ಬಿಟ್ಟ. ಹಾಗೆ ನಮ್ಮ ಮನೆಗೆ ಬಂದವನು ಈರಣ್ಣ. ಗದಗದ ಕಡೆಯವನು, ಇಪ್ಪತ್ತೊಂದೋ ಇಪ್ಪತ್ತೆರಡೋ ವಯಸ್ಸು. ಒಂದು ಟ್ರಂಕು, ಒಂದು ಪ್ಲಾಸ್ಟಿಕ್ ಫೈಲು, ಕಾರ್ಖಾನೆಯೊಂದರಲ್ಲಿ ಒಂದು ವರ್ಷದ ಅಪ್ರೆಂಟಿಸ್ ಕೆಲಸ, ಇಷ್ಟು ಅವನ ಆಸ್ತಿ. ಮನೆ ತೋರಿಸುವ ಮುಂಚೆಯೇ ಅಜ್ಜಿ ಅವನನ್ನು ನಿಲ್ಲಿಸಿಕೊಂಡು ವಿಚಾರಿಸಿದಳು.

"ಏನೋದಿದ್ದೀಯಪ್ಪ?"

"ಐಟಿಐ ರೀ ಯಮ್ಮಾ. ಎಲೆಕ್ಟ್ರಿಷಿಯನ್."

"ಅದು ಎಸ್ಸೆಲ್ಸಿಗಿಂತ ಮೇಲೋ ಕೆಳಗೋ?"

"ಮ್ಯಾಲ ರೀ."

"ಪಿಯುಸಿಗಿಂತ?"

ಈರಣ್ಣ ತಲೆ ಕೆರೆದುಕೊಂಡ. "ಅದು ಬ್ಯಾರೆ ದಾರಿ ರೀ ಯಮ್ಮಾ. ಮ್ಯಾಲ ಕೆಳಗ ಅನ್ನಾಕ ಬರಾಂಗಿಲ್ಲ."

ಅಜ್ಜಿಗೆ ಆ ಉತ್ತರ ಹಿಡಿಸಲಿಲ್ಲ. ನನಗೆ ಹಿಡಿಸಿತು. ಅಲ್ಲಿಯ ತನಕ ಓದು ಎಂದರೆ ಒಂದೇ ದಾರಿ, ಎಲ್ಲರೂ ಅದರಲ್ಲೇ ನಡೆಯುವುದು, ಕೆಲವರು ಮುಂದೆ ಹೋಗುವುದು, ಫೇಲಾದವರು ಅಲ್ಲೇ ಕೂತುಬಿಡುವುದು ಎಂದು ನಾನು ಅಂದುಕೊಂಡಿದ್ದೆ. ಬೇರೆ ದಾರಿ ಇದೆ ಎಂದು ಹೇಳಿದ ಮೊದಲ ಮನುಷ್ಯ ಅವನು. ಆ ದಾರಿ ಎಲ್ಲಿ ಶುರುವಾಗುತ್ತದೆ, ಎಲ್ಲಿಗೆ ಹೋಗುತ್ತದೆ ಎಂದು ತಿಳಿಯುವ ಹಟ ನನಗೆ ಹತ್ತಿತು. ಈರಣ್ಣನಿಗೆ ಅಡುಗೆ ಬರುತ್ತಿರಲಿಲ್ಲ. ಸಂಜೆ ಪಾಳಿ ಮುಗಿಸಿ ಬಂದರೆ ನಮ್ಮಲ್ಲೇ ಊಟ. ಅವನು ಮುದ್ದೆಯನ್ನು ರೊಟ್ಟಿಯಂತೆ ಅಗಿಯುವುದನ್ನು ನೋಡಿ ಅಜ್ಜಿ ಬೈಯುತ್ತಿದ್ದಳು. ಅವನ ಬಾಯಿ ಖಾಲಿಯಾಗುವುದನ್ನೇ ಕಾದು ನಾನು ಪ್ರಶ್ನೆ ಹಾಕುತ್ತಿದ್ದೆ. ವಿಜ್ಞಾನದ ನೋಟ್‌ಬುಕ್ಕಿನ ಹಿಂದಿನ ಹಾಳೆಗಳಲ್ಲಿ ಅವನು ಹೇಳಿದ್ದನ್ನೆಲ್ಲ ಬರೆದಿಟ್ಟುಕೊಂಡೆ. ಎಂಟನೇ ಕ್ಲಾಸು ಪಾಸಾಗಿದ್ದರೆ ವೆಲ್ಡರ್ ಸೇರಬಹುದು, ಒಂದು ವರ್ಷ. ಫಿಟ್ಟರು, ಎಲೆಕ್ಟ್ರಿಷಿಯನ್ನು ಆಗಬೇಕಾದರೆ ಎಸ್ಸೆಲ್ಸಿ ಆಗಿರಬೇಕು, ಎರಡು ವರ್ಷ. ಕೇಂದ್ರದ ಮುದ್ರೆ ಇರುವ ಸರ್ಟಿಫಿಕೇಟು ಬೇರೆ, ರಾಜ್ಯದ ಮುದ್ರೆಯದು ಬೇರೆ, ಮೊದಲನೆಯದಕ್ಕೆ ತೂಕ ಜಾಸ್ತಿ. ಐಟಿಐ ಮುಗಿಸಿ ಅಪ್ರೆಂಟಿಸ್ ಮಾಡಿ ಪರೀಕ್ಷೆ ಬರೆದರೆ ಇನ್ನೊಂದು ಸರ್ಟಿಫಿಕೇಟು. ಐಟಿಐ ಆದವನು ಡಿಪ್ಲೊಮಾದ ಎರಡನೇ ವರ್ಷಕ್ಕೆ ನೇರ ಸೇರಬಹುದು, ಡಿಪ್ಲೊಮಾ ಆದವನು ಇಂಜಿನಿಯರಿಂಗಿನ ಎರಡನೇ ವರ್ಷಕ್ಕೆ. ಅಂದರೆ ವೈರು ಹಿಡಿದು ಹೊರಟವನು ಕೂಡ, ಕಾಲಿನಲ್ಲಿ ಶಕ್ತಿ ಇದ್ದರೆ, ಇಂಜಿನಿಯರ್ ಆಗಬಹುದು! ಇದನ್ನು ಬರೆದ ದಿನ ಅದರ ಕೆಳಗೆ ಎರಡು ಗೆರೆ ಎಳೆದಿದ್ದೆ.

ಹಾಗೆ ಬರೆದುಕೊಳ್ಳುತ್ತಿದ್ದಾಗಲೇ ಒಂದು ಸಂಜೆ, ಎಲ್ಲರೂ ಊಟಕ್ಕೆ ಕೂತಿದ್ದಾಗ, ನಾನು ಕೇಳಿಬಿಟ್ಟೆ:

"ಈರಣ್ಣ, ಇದ್ರಲ್ಲಿ ನಮ್ಮಪ್ಪ ಯಾವ ಲೆವೆಲ್ಲು?"

ಈರಣ್ಣ ತಟ್ಟೆ ನೋಡಿದ. "ಅಣ್ಣಾರಿಗೆ ಬರೋದು ನಮ್ಮ ಮಾಸ್ತರಗೂ ಬರಾಂಗಿಲ್ಲವ್ವಾ."

"ಅದಲ್ಲ. ಲೆವೆಲ್ ಹೇಳು."

"ಕಾಗದದಾಗ... ಕಾಗದದಾಗ ಇಲ್ಲ."

"ಉಣ್ಣವ್ವ ಸುಮ್ಕೆ," ಎಂದ ಅಪ್ಪ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಆದರೆ ಆವತ್ತು ಅವನು ಎರಡನೇ ಮುದ್ದೆ ಹಾಕಿಸಿಕೊಳ್ಳಲಿಲ್ಲ.

ಅದಾಗಿ ಒಂದೆರಡು ತಿಂಗಳಿಗೆ, ಈರಣ್ಣನ ಕಾರ್ಖಾನೆಯ ಪಕ್ಕದ ಸಣ್ಣ ಘಟಕವೊಂದರಲ್ಲಿ ದೊಡ್ಡ ಫ್ಯಾನಿನ ಮೋಟರು ಸುಟ್ಟಿತು. ಬೆಂಗಳೂರಿಗೆ ಕಳಿಸಿದರೆ ವಾರ ಹಿಡಿಯುತ್ತದೆ, ಅಷ್ಟು ದಿನ ಕೆಲಸ ನಿಲ್ಲುತ್ತದೆ. ಈರಣ್ಣ ಅಪ್ಪನ ಹೆಸರು ಹೇಳಿದ. ಅಪ್ಪ ಎರಡು ದಿನದಲ್ಲಿ ಅದನ್ನು ಸುತ್ತಿ, ಕೂರಿಸಿ, ಓಡಿಸಿ ಕೊಟ್ಟ. ಅಲ್ಲಿನ ಮ್ಯಾನೇಜರು ಮೋಟರಿನ ಮೈಮೇಲೆ ಕೈಯಿಟ್ಟು ಅದರ ಓಟ ನೋಡಿ, ಇಂಥ ಕೈ ನಮ್ಮಲ್ಲಿ ಇರಬೇಕು, ಮೇಂಟೆನೆನ್ಸಿಗೆ ಒಂದು ಜಾಗ ಖಾಲಿ ಇದೆ, ನಾಳೆಯೇ ಆಫೀಸಿಗೆ ಬನ್ನಿ ಎಂದರಂತೆ. ಮಾರನೇ ದಿನ ಅಪ್ಪ ಮದುವೆಗೆ ಹೋಗುವ ಬಿಳಿ ಶರಟು ಹಾಕಿಕೊಂಡು ಹೋದ. ಮಧ್ಯಾಹ್ನ ಬಂದವನು ಚಪ್ಪಲಿ ಬಿಡದೆ ಒಳಗೆ ಬಂದು ಅಜ್ಜಿಯ ಮೋಟರ್ ಮಣೆಯ ಮೇಲೆ ಕೂತ.

"ಏನಂದ್ರು?" ಅವ್ವ ಕೇಳಿದಳು.

"ಕಂಪ್ಯೂಟರ್ ಮುಂದೆ ಒಂದ್ ಹೆಣ್ಮಗ ಕುಂತಿತ್ತು. ಕ್ವಾಲಿಫಿಕೇಷನ್ ಏನು ಅಂತು. ಏಳನೇ ಕ್ಲಾಸು ಅಂದೆ. ಅದಲ್ಲ ಅಂಕಲ್, ಟೆಕ್ನಿಕಲ್ ಏನು ಅಂತು. ನಾನೇನ್ ಹೇಳ್ಲಿ? ಆ ಮಗಾನೇ ಹುಡುಕ್ತು, ಕಂಪ್ಯೂಟರ್ನಾಗೆ ನನ್ ಹಾಕೋಕೆ ಜಾಗಾನೇ ಇಲ್ವಂತೆ."

ಆ ಜಾಗವನ್ನು ಮಾಡಿಕೊಡುತ್ತೇನೆಂದು ಬಂದವನು ಪುಟ್ಟರಾಜ. ಅವ್ವನ ಕಡೆಯ ದೂರದ ಸಂಬಂಧಿ, ಕಾರ್ಖಾನೆಗಳಿಗೆ ಆಳು ಒದಗಿಸುವ ಕೆಲಸ ಮಾಡುತ್ತಿದ್ದ. ಅವ್ವನೇ ಅವನಿಗೆ ಹೇಳಿ ಕಳಿಸಿದ್ದಳೆಂದು ಆಮೇಲೆ ಗೊತ್ತಾಯಿತು. ಅವಳನ್ನು ನಾನು ಈಗ ದೂರುವುದಿಲ್ಲ. ನಡುಮನೆ ಖಾಲಿಯಾಗುತ್ತಿರುವುದನ್ನು ದಿನವೂ ಗುಡಿಸುತ್ತ ನೋಡುತ್ತಿದ್ದವಳು ಅವಳು. ಒಂದು ಭಾನುವಾರ ಬೆಳಿಗ್ಗೆ ಪುಟ್ಟರಾಜ ಕಂದು ಕವರಿನಿಂದ ಎರಡು ಹಾಳೆ ತೆಗೆದು ಚಾಪೆಯ ಮೇಲೆ ಹಾಸಿದ. ಒಂದು ಐಟಿಐ ಸರ್ಟಿಫಿಕೇಟು, ಇನ್ನೊಂದು ಮಾರ್ಕ್ಸ್ ಕಾರ್ಡು. ಎರಡರಲ್ಲೂ ಅಪ್ಪನ ಹೆಸರಿತ್ತು. ಅಜ್ಜಿ ಕೈ ತೊಳೆದುಕೊಂಡು ಬಂದು ಅದರ ಬಂಗಾರದ ಬಣ್ಣದ ಅಂಚನ್ನು ಮುಟ್ಟಿ ನೋಡಿದಳು.

"ಇಂಗ್ಲಿಷ್ನಾಗೈತೆ. ಓದು ಮಗಾ," ಎಂದು ಅಪ್ಪ ನನ್ನ ಕಡೆ ತಳ್ಳಿದ.

ಈರಣ್ಣ ಆವತ್ತು ಪಾಳಿಯಲ್ಲಿದ್ದ. ಅವನ ರೂಮಿನಲ್ಲಿ ಇಲಿಕಾಟವೆಂದು ಅವನ ಫೈಲು ನಮ್ಮ ಕಬ್ಬಿಣದ ಪೆಟ್ಟಿಗೆಯಲ್ಲಿತ್ತು. ಅದನ್ನು ತಂದು ಪಕ್ಕದಲ್ಲಿಟ್ಟುಕೊಂಡು ಎರಡನ್ನೂ ಹೋಲಿಸುತ್ತ ಓದತೊಡಗಿದೆ. ಆಗ ನನಗಿದ್ದದ್ದು ಬರೀ ಕುತೂಹಲ, ಯಾರನ್ನೂ ಹಿಡಿದುಕೊಡುವ ಉದ್ದೇಶವಿರಲಿಲ್ಲ. ಅಪ್ಪ ಎಂದೂ ಕಾಣದ ಯಾವುದೋ ರಾಜ್ಯದ, ಯಾವುದೋ ಊರಿನ ಸಂಸ್ಥೆಯ ಹೆಸರಿತ್ತು. ಟ್ರೇಡು ಎಲೆಕ್ಟ್ರಿಷಿಯನ್, ಅವಧಿ ಒಂದು ವರ್ಷ.

"ಅಪ್ಪ, ಇದು ತಪ್ಪು. ಎಲೆಕ್ಟ್ರಿಷಿಯನ್ ಎರಡು ವರ್ಷ. ಒಂದು ವರ್ಷ ಇರೋದು ವೆಲ್ಡರು. ಅಲ್ದೆ ಎಸ್ಸೆಲ್ಸಿ ಆಗಿರ್ಬೇಕು."

"ಅದೆಲ್ಲ ಯಾರೂ ನೋಡಕಿಲ್ಲ ಕಣವ್ವ," ಎಂದ ಪುಟ್ಟರಾಜ. "ಗೇಟ್ನಾಗೆ ಕಾಗದ ಐತಾ ಅಂತಾರೆ, ಐತೆ ಅಂದ್ರೆ ಆಯ್ತು."

ಅಪ್ಪ ಮಾರ್ಕ್ಸ್ ಕಾರ್ಡಿನ ಮೇಲೆ ಬೆರಳಿಟ್ಟ. ನನ್ನನ್ನು ಕೇಳಿದ. "ಪ್ರಾಕ್ಟಿಕಲ್‌ಗೆ ಎಷ್ಟು ಹಾಕವ್ರೆ?"

"ಪಾಸಾಗೋಕೆ ಎಷ್ಟು ಬೇಕೋ ಅದರ ಮೇಲೆ ಎರಡು," ಎಂದೆ.

"ಈರಣ್ಣಂಗೆ?"

"ಈರಣ್ಣಂಗೆ ತುಂಬಾ ಜಾಸ್ತಿ ಐತೆ."

"ಜಾಸ್ತಿ ಹಾಕ್ಸುದ್ರೆ ಅನುಮಾನ ಬತ್ತದೆ ಕಣಣ್ಣ. ಅದ್ಕೇ ಒಸಿ ಕಮ್ಮಿ ಹಾಕ್ಸಿವ್ನಿ," ಪುಟ್ಟರಾಜ ನಕ್ಕ.

ಅಪ್ಪನ ಮುಖ ಕೆಂಪೇರಿದ್ದನ್ನು ನಾನು ನೋಡಿದ್ದು ಅದೇ ಮೊದಲು.

"ನಾನು ಕುಂತು ಮಾಡ್ದೇ ಇರೋ ಪರೀಕ್ಷೆಗೆ ಮಾರ್ಕ್ಸ್ ಹಾಕ್ದೋನು ಯಾವನ್ಲಾ ಅವ್ನು? ಹಾಕೋದು ಹಾಕ್ದ, ವೈಂಡಿಂಗ್ನಾಗೆ ನನ್ನ ಆ ಹುಡುಗನ ಕೆಳಗೆ ಇಕ್ಬುಟ್ನಲ್ಲ! ತಗಂಡೋಗು ಇದ."

ಪುಟ್ಟರಾಜ ಹಾಳೆಗಳನ್ನು ಕವರಿಗೆ ತುರುಕಿಕೊಂಡು ಕಾಫಿ ಕುಡಿಯದೆ ಎದ್ದುಹೋದ. ಅವ್ವ ಅಪ್ಪನಿಗೆ ಏನೂ ಅನ್ನಲಿಲ್ಲ, ಅಂದದ್ದು ನನಗೆ. "ನಿಂಗೆ ಅಕ್ಷರ ಕಲಿಸಿದ್ದು ಇದಕ್ಕೇನೆ?" ಎಂದಳು. ವಾರಗಟ್ಟಲೆ ನನ್ನ ಜಡೆ ಹಾಕಲಿಲ್ಲ. ನಾನೇ ವಕ್ರವಾಗಿ ಹೆಣೆದುಕೊಂಡು ಶಾಲೆಗೆ ಹೋಗುತ್ತಿದ್ದೆ. ಅಪ್ಪನಿಗೆ ತೆರೆದಿದ್ದ ಬಾಗಿಲನ್ನು ನಾನೇ ಮುಚ್ಚಿದೆನೇನೋ ಎಂಬ ಅಳುಕು ಪಾಠದ ನಡುವೆಯೂ ಎದ್ದು ಬರುತ್ತಿತ್ತು. ಮನೆಯಲ್ಲಿ ಯಾರೂ ಯಾರ ಜೊತೆಗೂ ಸರಿಯಾಗಿ ಮಾತಾಡದ ಆ ದಿನಗಳಲ್ಲಿ ಈರಣ್ಣ ಒಂದು ಸುದ್ದಿ ತಂದ. ಓದದೆ ಬರೀ ಕೆಲಸ ಕಲಿತವರಿಗೂ ಸರ್ಕಾರ ಈಗ ಪರೀಕ್ಷೆ ಇಡುತ್ತದಂತೆ. ಕೂತು ಕಲಿಯಬೇಕಾಗಿಲ್ಲ, ಬಂದು ಮಾಡಿ ತೋರಿಸಿದರೆ ಸಾಕಂತೆ. ರಾಮನಗರದ ಐಟಿಐಯಲ್ಲಿ ಕೇಳಿದರೆ ಗೊತ್ತಾಗುತ್ತದೆ ಎಂದ.

ಶನಿವಾರ ಅಪ್ಪ, ಈರಣ್ಣ, ನಾನು ಬಸ್ಸು ಹಿಡಿದು ಹೋದೆವು. ನೋಟ್‌ಬುಕ್ ನನ್ನ ಕೈಯಲ್ಲಿತ್ತು. ಅಲ್ಲಿ ನಮ್ಮನ್ನು ಮಾತಾಡಿಸಿದ್ದು ಒಬ್ಬ ಮೇಡಂ, ಎಲೆಕ್ಟ್ರಿಷಿಯನ್ ವಿಭಾಗದ ತರಬೇತಿ ಅಧಿಕಾರಿ. ಹತ್ತಿಯ ಸೀರೆಯ ಸೆರಗನ್ನು ಸೊಂಟಕ್ಕೆ ಬಿಗಿದು, ಕೈಯಲ್ಲಿ ಟೆಸ್ಟರ್ ಹಿಡಿದು, ಬೋರ್ಡಿನ ಮುಂದೆ ನಿಂತು ಹುಡುಗರನ್ನು ಗದರಿಸುತ್ತಿದ್ದರು. ಹೆಂಗಸಿನ ಕೈಯಲ್ಲಿ ಟೆಸ್ಟರನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ. ಅವರು ಅಪ್ಪ ಹೇಳಿದ್ದನ್ನೆಲ್ಲ ಕೇಳಿಸಿಕೊಂಡರು.

"ನೋಡಿ ಯಜಮಾನರೇ, ನಿಜ ಹೇಳ್ತೀನಿ. ಪೂರ್ತಿ ಎಲೆಕ್ಟ್ರಿಷಿಯನ್ ಸರ್ಟಿಫಿಕೇಟ್ ನಿಮಗೆ ಸಿಗಲ್ಲ, ಅದಕ್ಕೆ ಎಸ್ಸೆಲ್ಸಿ ಆಗಿರಬೇಕು. ಇದು ವೈಂಡಿಂಗ್ ಒಂದಕ್ಕೇ ಇರೋ ಪರೀಕ್ಷೆ. ಪಾಸಾದರೆ ಸರ್ಕಾರದ್ದೇ ಸರ್ಟಿಫಿಕೇಟ್ ಬರುತ್ತೆ. ಆದರೆ ಐಟಿಐಗಿಂತ ಕೆಳಗಿನದು."

"ಎಷ್ಟು ಕೆಳಗೆ ಮೇಡಂ?" ನಾನು ಕೇಳಿದೆ. "ಇದಾದ ಮೇಲೆ ಇನ್ನೊಂದು ಬರೆದು ಮೇಲಕ್ಕೆ ಹೋಗಬಹುದಾ? ಇದರಲ್ಲಿ ಕೇಂದ್ರದ ಮುದ್ರೆ ಇರುತ್ತಾ?"

ಮೇಡಂ ನನ್ನನ್ನೂ ನೋಟ್‌ಬುಕ್ಕನ್ನೂ ನೋಡಿದರು. "ಪರೀಕ್ಷೆ ಯಾರದಮ್ಮ, ನಿಮ್ಮಪ್ಪಂದೋ ನಿಂದೋ?"

ನನಗೆ ನಿಜವಾಗಿಯೂ ನಿರಾಸೆಯಾಗಿತ್ತು. ಈರಣ್ಣನದಕ್ಕಿಂತ ಮೇಲಿನದನ್ನೇ ಅಪ್ಪನಿಗೆ ಕೊಡಿಸಿ ಅವ್ವನ ಮುಂದೆ ಇಡಬೇಕೆಂದು ನಾನು ಬಂದಿದ್ದೆ. ಅಪ್ಪನಿಗೆ ಅಂಥದ್ದೇನೂ ಇರಲಿಲ್ಲ.

"ಕೆಳಗಿಂದೇ ಕೊಡಿ ಮೇಡಂ. ಆದ್ರೆ ಪರೀಕ್ಷೆ ಸರ್ಯಾಗಿ ಮಾಡಿ," ಎಂದ.

ಮಾಡಿ ತೋರಿಸುವುದರ ಜೊತೆ ಬಾಯಿಪರೀಕ್ಷೆಯೂ ಇರುತ್ತದೆ ಎಂದು ಮೇಡಂ ಹೇಳಿದ್ದರು. ಅದೇ ಕಷ್ಟವಾಯಿತು. ಅಪ್ಪನಿಗೆ ಕೆಲಸವೆಲ್ಲ ಗೊತ್ತಿತ್ತು, ಅದರ ಹೆಸರುಗಳು ಗೊತ್ತಿರಲಿಲ್ಲ. ಸಾಹೇಬರ ಅಂಗಡಿಯಲ್ಲಿ ಎಲ್ಲದಕ್ಕೂ ಅರ್ಧ ಉರ್ದು ಅರ್ಧ ಕನ್ನಡದ ಹೆಸರುಗಳಿದ್ದವು, ಬಹಳಷ್ಟಕ್ಕೆ ಹೆಸರೇ ಇರಲಿಲ್ಲ, ಬರೀ ಕೈ ತೋರಿಸುವುದು. ಈರಣ್ಣನ ಪುಸ್ತಕದಿಂದ ನಾನು ಪ್ರಶ್ನೆ ಬರೆದುಕೊಂಡು ದಿನವೂ ಶಾಲೆಯಿಂದ ಬಂದ ಮೇಲೆ ಕೇಳುತ್ತಿದ್ದೆ. ಅಪ್ಪ ತಂತಿ ಸುತ್ತುತ್ತಲೇ ಉತ್ತರಿಸುತ್ತಿದ್ದ. ತಪ್ಪಿದರೆ ಅಜ್ಜಿ, ಏನೂ ಅರ್ಥವಾಗದಿದ್ದರೂ, "ಇನ್ನೊಂದ್ ಸಲ ಹೇಳ್ಲಾ," ಎಂದು ಮಣೆಯಿಂದಲೇ ಆಜ್ಞೆ ಮಾಡುತ್ತಿದ್ದಳು. ತಂತಿಯ ಒಂದು ಸುತ್ತಿಗೆ ಟರ್ನ್ ಎನ್ನಬೇಕು, ಒಂದು ಸುರುಳಿಯ ಎರಡು ಬದಿಗಳ ನಡುವಿನ ಅಂತರಕ್ಕೆ ಪಿಚ್ ಎನ್ನಬೇಕು. ಹೀಗೆ ಕೇಳುತ್ತ ಕೇಳುತ್ತ ಮೋಟರೊಂದು ಯಾಕೆ ತಿರುಗುತ್ತದೆ ಎಂದು ನನಗೇ ತಿಳಿಯಿತು. ನಮ್ಮ ಮನೆಯಲ್ಲಿ ಹುಟ್ಟಿದಾಗಿನಿಂದ ನೋಡಿದ್ದ ವಸ್ತು, ಯಾಕೆ ತಿರುಗುತ್ತದೆಂದು ಒಂದು ದಿನವೂ ಕೇಳಿಕೊಂಡಿರಲಿಲ್ಲ. ಅವ್ವ ಒಲೆಯ ಮುಂದೆ ಕೂತು ಕೇಳದವಳಂತೆ ಇರುತ್ತಿದ್ದಳು. ಒಂದು ಸಂಜೆ ಅಪ್ಪ ತಡವರಿಸಿದಾಗ ಒಳಗಿನಿಂದ "ಪಿಚ್ಚು" ಎಂಬ ದನಿ ಬಂತು. ಮಾರನೇ ದಿನ ಬೆಳಿಗ್ಗೆ ನನ್ನನ್ನು ಕರೆದು ಜಡೆ ಹಾಕಿದಳು.

ಪರೀಕ್ಷೆಯ ದಿನ ನಾನು ಶಾಲೆ ತಪ್ಪಿಸಿ ಅಪ್ಪನ ಜೊತೆ ಹೋದೆ. ಹೊರಗಿನ ಊರಿನಿಂದ ಪರೀಕ್ಷಕರೊಬ್ಬರು ಬಂದಿದ್ದರು. ಏಳೆಂಟು ಜನ ಪರೀಕ್ಷೆಗೆ ಕೂತಿದ್ದರು, ಅವರೆಲ್ಲ ಅಪ್ಪನಿಗಿಂತ ಚಿಕ್ಕವರು. ನಾನು ವರಾಂಡದಲ್ಲಿ ಕಿಟಕಿಯ ಸರಳು ಹಿಡಿದು ನಿಂತೆ. ಒಬ್ಬೊಬ್ಬರಿಗೆ ಒಂದೊಂದು ಸುಟ್ಟ ಮೋಟರು ಕೊಟ್ಟರು. ಉಳಿದವರು ಸುತ್ತಿಗೆ ಉಳಿ ಹಿಡಿದು ಹಳೆಯ ತಂತಿಯನ್ನು ಕಿತ್ತೆಸೆಯಲು ಶುರುಮಾಡಿದರು. ಅಪ್ಪ ಬಹಳ ಹೊತ್ತು ಸುಮ್ಮನೆ ಅದನ್ನು ತಿರುಗಿಸಿ ತಿರುಗಿಸಿ ನೋಡಿದ. ಆಮೇಲೆ ಒಂದೇ ಒಂದು ಸುರುಳಿಯನ್ನು ಮುರಿಯದಂತೆ ಬಿಡಿಸಿ, ಅದರ ಸುತ್ತುಗಳನ್ನು ಎಣಿಸಿ, ತಂತಿಯನ್ನು ಬೆರಳಲ್ಲಿ ಹೊಸೆದು ಗೇಜು ಹೇಳಿದ. ಪರೀಕ್ಷಕರು ನಂಬದೆ ಅಳತೆಯ ಬಿಲ್ಲೆ ತಂದು ಹಾಕಿ ನೋಡಿದರು. ಮೇಡಂ ದೂರದಿಂದ ನೋಡುತ್ತಿದ್ದರು. ಪರೀಕ್ಷಕರು ಬಿಲ್ಲೆಯನ್ನು ಜೇಬಿಗೆ ಹಾಕಿಕೊಂಡು ಸ್ಟೂಲು ಎಳೆದು ಅಪ್ಪನ ಎದುರಿಗೇ ಕೂತರು. ಅಪ್ಪ ಸುತ್ತುವುದು ಮುಗಿಯುವ ತನಕ ಅವರು ಏಳಲಿಲ್ಲ. ಆಮೇಲೆ ಬಾಯಿಪರೀಕ್ಷೆ.

"ಪಿಚ್ ಅಂದರೇನು?"

ಅದನ್ನು ಅಪ್ಪ ಮನೆಯಲ್ಲಿ ಐವತ್ತು ಸಲವಾದರೂ ಹೇಳಿದ್ದ. ಈಗ ಬಾಯಿ ತೆರೆದವನು ಹಾಗೇ ನಿಂತ. ಬೆರಳಿನಿಂದ ಮೋಟರಿನ ಒಳಗೆ ತೋರಿಸಿದ, ಇಲ್ಲಿಂದ ಇಲ್ಲಿಗೆ.

"ತೋರಿಸೋದು ಬೇಡ. ಬಾಯಲ್ಲಿ ಹೇಳಿ."

ಅಪ್ಪ ಕಿಟಕಿಯ ಕಡೆ ನೋಡಿದ. ನನಗೆ ಉತ್ತರ ಗೊತ್ತಿತ್ತು, ಪುಸ್ತಕದಲ್ಲಿದ್ದ ಹಾಗೇ ಬಾಯಿಪಾಠ ಬರುತ್ತಿತ್ತು. ಹೇಳುವ ಹಾಗಿರಲಿಲ್ಲ. ಸರಳನ್ನು ಗಟ್ಟಿಯಾಗಿ ಹಿಡಿದುಕೊಂಡು ನೆಲ ನೋಡಿದೆ. ಆಗ ಅಪ್ಪನ ದನಿ ಕೇಳಿಸಿತು.

"ಈ ಸುರುಳಿ ಇಲ್ಲಿ ಇಳ್ದು ಅಲ್ಲಿ ಎದ್ದೇಳ್ತದಲ್ಲ ಸಾ, ನಡುವೆ ಎಷ್ಟು ಕಿಂಡಿ ದಾಟ್ತದೋ ಅದು. ಒಂದ್ ಕಿಂಡಿ ಹೆಚ್ಚುಕಮ್ಮಿ ಆದ್ರೂ ಮೋಟ್ರು ಗುರ್ ಅಂತದೆ, ಬಿಸಿ ಆಯ್ತದೆ. ಹೆಸ್ರು ಮರ್ತೋಯ್ತದೆ ಸಾ, ಲೆಕ್ಕ ಮರೆಯಕಿಲ್ಲ."

ಪರೀಕ್ಷಕರು ತಲೆ ತಗ್ಗಿಸಿ ಏನೋ ಬರೆದುಕೊಂಡರು. ಮುಂದಿನ ಪ್ರಶ್ನೆಯನ್ನು ಅವರು "ಇದು ಹೀಗಾದರೆ ನೀವೇನು ಮಾಡ್ತೀರಿ?" ಎಂದು ಕೇಳಿದರು. ಅಲ್ಲಿಂದ ಮುಂದೆ ಅಪ್ಪನಿಗೆ ತೊಡಕಾಗಲಿಲ್ಲ.

ಸರ್ಟಿಫಿಕೇಟು ಬರಲು ತಿಂಗಳುಗಳೇ ಹಿಡಿದವು. ಅದು ಬಂತೆಂದು ಮೇಡಂ ಫೋನು ಮಾಡಿದ್ದು ಪಕ್ಕದ ಅಂಗಡಿಗೆ. ಪ್ರಾಕ್ಟಿಕಲ್‌ನಲ್ಲಿ ಅಪ್ಪನಿಗೇ ಎಲ್ಲರಿಗಿಂತ ಹೆಚ್ಚು ಎಂದೂ ಹೇಳಿದರಂತೆ. ಅವ್ವ ಅದನ್ನು ಬಿಡದಿಗೆ ಒಯ್ದು ಲ್ಯಾಮಿನೇಷನ್ ಮಾಡಿಸಿದಳು. ಆ ಘಟಕದಲ್ಲಿ ಮೇಂಟೆನೆನ್ಸಿನ ಜಾಗಕ್ಕೆ ಅಷ್ಟರಲ್ಲಿ ಐಟಿಐ ಆದ ಹುಡುಗನೊಬ್ಬ ಬಂದಾಗಿತ್ತು. ಆದರೂ ಮ್ಯಾನೇಜರು ಅಪ್ಪನನ್ನು ಬಿಡಲಿಲ್ಲ. ಈ ಸರ್ಟಿಫಿಕೇಟಿಗೆ ಕಂಪ್ಯೂಟರಿನಲ್ಲಿ ಒಂದು ಜಾಗ ಸಿಕ್ಕಿತು, ಆ ಹುಡುಗನ ಕೆಳಗೆ. ಅಪ್ಪನ ಗುರುತಿನ ಚೀಟಿಯ ಮೇಲೆ ಇಂಗ್ಲಿಷಿನಲ್ಲಿ 'ಸೆಮಿ ಸ್ಕಿಲ್ಡ್' ಎಂದಿತ್ತು. ಹಾಗೆಂದರೇನೆಂದು ಅಜ್ಜಿ ಕೇಳಿದಳು. ಅರೆಕುಶಲ ಎಂದೆ.

"ಅರೆ ಅಂದ್ರೆ ಅರ್ಧವೇನವ್ವ? ಯಾವ ಅರ್ಧ ಬರಕಿಲ್ವಂತೆ ಇವ್ನಿಗೆ?"

ಅಪ್ಪ ನಗುತ್ತ ಚೀಟಿಯನ್ನು ಕೊರಳಿಗೆ ಹಾಕಿಕೊಂಡು ಪಾಳಿಗೆ ಹೋದ. ಮೇಲಿನ ಲೆವೆಲ್ಲಿನ ಆ ಹುಡುಗನಿಗೆ ವೈಂಡಿಂಗ್ ಕಲಿಸಿದ್ದೂ ಅವನೇ. ಹುಡುಗ ಕಲಿತು ಒಳ್ಳೆಯ ಕಡೆ ಹೋದ ಮೇಲೆ ಬಂದ ಇನ್ನೊಬ್ಬನಿಗೂ ಕಲಿಸಿದ. ಈರಣ್ಣ ಅಪ್ರೆಂಟಿಸ್ ಮುಗಿಸಿ ಪರೀಕ್ಷೆ ಪಾಸುಮಾಡಿ ಹರಿಹರದ ಕಡೆ ಕೆಲಸ ಸಿಕ್ಕಿ ಹೊರಟುಹೋದ. ಹೋಗುವಾಗ ಅವನ ಪುಸ್ತಕಗಳನ್ನು ನನಗೆ ಬಿಟ್ಟುಹೋದ.

ಎಸ್ಸೆಲ್ಸಿ ಆದ ಮೇಲೆ ನಾನು ಆ ಬೇರೆ ದಾರಿಯನ್ನೇ ಹಿಡಿದೆ. ನನ್ನ ಮಾರ್ಕ್ಸಿಗೆ ಪಿಯುಸಿ ಸೈನ್ಸು ಸಿಗುತ್ತಿತ್ತು, ಹೆಡ್‌ಮಾಸ್ಟರು ಮನೆಗೇ ಬಂದು ಬುದ್ಧಿ ಹೇಳಿದರು. ಅವ್ವನಿಗೂ ಮನಸ್ಸಿರಲಿಲ್ಲ. ಅಪ್ಪ ಹ್ಞೂಂ ಅನ್ನಲಿಲ್ಲ, ಊಹ್ಞೂಂ ಅನ್ನಲಿಲ್ಲ, ಸೇರುವ ದಿನ ರಜೆ ಹಾಕಿ ಜೊತೆಗೆ ಬಂದ. ಐಟಿಐ ಆಫೀಸಿನಲ್ಲಿ ಅರ್ಜಿ ತುಂಬುವ ಹುಡುಗರ ನೂಕುನುಗ್ಗಲು, ಹುಡುಗಿಯರು ನಾವು ಮೂವರೇ. ಅರ್ಜಿಯಲ್ಲಿ ನನ್ನದೆಲ್ಲ ತುಂಬಿ ಮುಗಿಸಿದ ಮೇಲೆ 'ತಂದೆಯ ವಿದ್ಯಾರ್ಹತೆ' ಎಂಬ ಖಾನೆ ಬಂತು. ನಾನು 'ಏಳನೇ ತರಗತಿ' ಎಂದು ಬರೆದೆ. ಅಪ್ಪ ನನ್ನ ಭುಜದ ಮೇಲಿನಿಂದ ನೋಡುತ್ತಿದ್ದವನು "ಕೊಡಿಲ್ಲಿ," ಎಂದು ಪೆನ್ನು ತೆಗೆದುಕೊಂಡ. ಅವನು ಬರೆಯುವುದನ್ನು ನಾನು ನೋಡಿದ್ದೇ ಅಪರೂಪ. ಮೇಜಿನ ಮೇಲೆ ಬಗ್ಗಿ, ಒಂದೊಂದೇ ಅಕ್ಷರ ಕೂರಿಸುತ್ತ, ತನ್ನ ಸರ್ಟಿಫಿಕೇಟಿನಲ್ಲಿದ್ದ ಪರೀಕ್ಷೆಯ ಪೂರ್ತಿ ಹೆಸರನ್ನು ಕನ್ನಡದಲ್ಲಿ ಬರೆದ. ಖಾನೆ ತುಂಬಿತು. ಉಳಿದದ್ದನ್ನು ಅಂಚಿನ ಬಿಳಿ ಜಾಗದಲ್ಲಿ ಬರೆದ. ನಮ್ಮ ಹಿಂದಿನ ಸಾಲು ಕಾಯುತ್ತಿತ್ತು.

"ಯಜಮಾನರೇ, ಏಳನೇ ಕ್ಲಾಸು ಅಂತ ಇದೆಯಲ್ಲ, ಸಾಕು," ಎಂದ ಗುಮಾಸ್ತ.

"ಅದೂ ಇರ್ಲಿ ಸ್ವಾಮಿ. ಇದೂ ಇರ್ಲಿ," ಎಂದು ಅಪ್ಪ ಕೊನೆಯ ಅಕ್ಷರಕ್ಕೆ ಕೊಂಬು ಎಳೆದು, ಕಾಗದವನ್ನು ಊದಿ ಶಾಯಿ ಆರಿಸಿ, ನನ್ನ ಕೈಗೆ ಕೊಟ್ಟ.